ಊರು ಬಿಟ್ಟವರ ಹಸಿವಿಗೆ ಬಿಸಿರೊಟ್ಟಿ

ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಬಡಾವಣೆಯ ಬೀದಿಗಳಲ್ಲಿ ಮಧ್ಯಾಹ್ನ ಒಂದು ಗಂಟೆ ಆಯಿತೆಂದರೆ ಖಾನಾವಳಿಗಳ ಬಾಗಿಲಲ್ಲಿ ಜನ ನೆರೆಯುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ, ವಿಜಯಪುರದಿಂದ ಬಂದ ಹುಡುಗ ಹುಡುಗಿಯರು, ಕಟ್ಟಡ ಕೆಲಸದ ಮೇಸ್ತ್ರಿಗಳು, ಆಟೊ ಓಡಿಸುವವರು, ದವಾಖಾನೆಗೆ ತೋರಿಸಿಕೊಳ್ಳಲು ಊರಿಂದ ಬಂದ ಹಿರಿಯರು. ಒಳಗೆ ಜಾಗ ಇಕ್ಕಟ್ಟು. ಗೋಡೆಯ ಮೇಲೆ ಬಸವಣ್ಣನ ಚಿತ್ರ, ಮೇಜಿನ ಮೇಲೆ ಚಟ್ನಿಪುಡಿಯ ಡಬ್ಬಿ, ಹೆಚ್ಚಿಟ್ಟ ಉಳ್ಳಾಗಡ್ಡಿ, ಅಡುಗೆಮನೆಯ ಕಡೆಯಿಂದ ಬಿಡದೆ ಕೇಳಿಬರುವ ರೊಟ್ಟಿ ಬಡಿಯುವ ಸದ್ದು. ‘ಅಣ್ಣಾರ, ಇನ್ನೊಂದು ಬಿಸಿ ರೊಟ್ಟಿ ಹಾಕ್ರಿ’ ಎಂಬ ಮಾತು ಒಂದೊಂದು ಮೇಜಿನಿಂದ ಒಂದೊಂದು ಜಿಲ್ಲೆಯ ರಾಗದಲ್ಲಿ ಏಳುತ್ತದೆ.

ಇಲ್ಲಿ ಉಣ್ಣುವವರಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರು ಬೇಕಾದಷ್ಟು ಜನ ಇದ್ದಾರೆ. ತುಂಗಭದ್ರೆಯ ದಂಡೆಯ ಮುಕ್ಕುಂದದಂಥ ಊರುಗಳಿಂದ ಓದಿಗೆ, ದುಡಿಮೆಗೆ ಹೊರಟವರು ಮೊದಲು ಸಿಂಧನೂರಿನ ಬಸ್ ನಿಲ್ದಾಣ ನೋಡುತ್ತಾರೆ, ಆಮೇಲೆ ರಾಯಚೂರೋ ಬಳ್ಳಾರಿಯೋ ಧಾರವಾಡವೋ, ಕೊನೆಗೆ ಬೆಂಗಳೂರು. ಈ ದಾರಿಯ ಪ್ರತಿ ನಿಲುಗಡೆಯಲ್ಲೂ ಅವರನ್ನು ಕೈಬಿಡದೆ ಕಾದದ್ದು ಖಾನಾವಳಿ. ಬಾಡಿಗೆ ಕೋಣೆ ಹುಡುಕುವ ಮೊದಲೇ ಅವರು ಖಾನಾವಳಿ ಎಲ್ಲಿದೆ ಎಂದು ಕೇಳಿಕೊಳ್ಳುತ್ತಾರೆ. ಈ ಖಾನಾವಳಿ ಯಾರ ಶ್ರಮದ ಮೇಲೆ ನಿಂತಿದೆ, ಆ ಶ್ರಮಕ್ಕೆ ನಾವು ಎಷ್ಟು ಬೆಲೆ ಕೊಡುತ್ತಿದ್ದೇವೆ ಎಂಬುದನ್ನು ಈಗ ಗಂಭೀರವಾಗಿ ಕೇಳಬೇಕಾಗಿದೆ.

ಎರೆಮಣ್ಣಿನ ಊಟ

ಖಾನಾವಳಿಯ ತಾಟು ಉತ್ತರ ಕರ್ನಾಟಕದ ಎರೆಹೊಲದ ಬೆಳೆಯ ಪಟ್ಟಿಯೇ ಆಗಿದೆ. ರೊಟ್ಟಿ ಹಿಂಗಾರಿ ಬಿಳಿಜೋಳದ್ದು. ಸೆಪ್ಟೆಂಬರ್, ಅಕ್ಟೋಬರ್‌ ಹೊತ್ತಿಗೆ ಬಿತ್ತಿದ ಈ ಜೋಳ ಎರೆಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೇ ಬೆಳೆದು, ಚಳಿಗಾಲ ದಾಟಿ ಕೊಯ್ಲಿಗೆ ಬರುತ್ತದೆ. ಜೋಳದ ಸಾಲುಗಳ ನಡುವೆ ಕಡಲೆ, ಕುಸುಬೆ, ಅಗಸೆ. ಮುಂಗಾರಿನಲ್ಲಿ ತೊಗರಿ, ಹೆಸರು, ಮಡಕಿ, ಸಜ್ಜೆ, ಶೇಂಗಾ. ಇವೇ ತಾಟಿಗೆ ಬಂದಾಗ ಝುಣಕ, ಮಡಕಿಕಾಳು ಪಲ್ಲೆ, ಹೆಸರುಕಾಳು, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ ಆಗುತ್ತವೆ. ಬದನೆಕಾಯಿ ಎಣ್ಣೆಗಾಯಿಗೆ ಹಾಕುವ ಶೇಂಗಾ, ಗುರೆಳ್ಳು, ಒಣಕೊಬ್ಬರಿಯ ಮಸಾಲೆ ಆ ಪದಾರ್ಥಕ್ಕೆ ಮೈ ಕೊಡುತ್ತದೆ. ಪುಂಡಿಪಲ್ಲೆಯ ಹುಳಿ, ಹಸಿ ಮೆಂತೆಪಲ್ಲೆಯ ನಸುಗಹಿ, ಕೆಂಪು ಖಾರ, ಗಟ್ಟಿ ಮೊಸರು ಸೇರಿದ ಮೇಲೆ ಊಟ ತುಂಬುತ್ತದೆ. ಅನ್ನ, ಸಾರು ಕಡೆಗೆ ಬರುತ್ತವೆ. ರೊಟ್ಟಿಯಲ್ಲೇ ಹೊಟ್ಟೆ ತುಂಬಿದವರು ಎಷ್ಟೋ ಸಲ ಮಜ್ಜಿಗೆ ಕುಡಿದು ಎದ್ದುಬಿಡುತ್ತಾರೆ.

ರೊಟ್ಟಿ ಮಾಡುವುದು ನೋಡಲು ಸರಳ, ಮಾಡಲು ಕಠಿಣ. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇರುತ್ತದೆ, ಜೋಳದಲ್ಲಿ ಅದು ಇಲ್ಲ. ಹಾಗಾಗಿ ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ಹರಿದುಹೋಗುತ್ತದೆ. ಕುದಿಯುವ ಎಸರನ್ನು ಹಿಟ್ಟಿಗೆ ಬೆರೆಸಿದರೆ ಅದರೊಳಗಿನ ಪಿಷ್ಟ ಬೆಂದು ಅಂಟಾಗುತ್ತದೆ. ನಮ್ಮ ಕಡೆಯವರು ಹೇಳುವ ‘ಜಿಗಿ’ ಬರುವುದು ಆಗ. ಬಿಸಿ ಇರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು, ಒಣಹಿಟ್ಟು ಉದುರಿಸಿ ಬಡಿಯುತ್ತ ತಿರುಗಿಸಬೇಕು, ಅಂಚು ಸೀಳದಂತೆ ನೋಡಿಕೊಳ್ಳಬೇಕು. ಹಂಚಿಗೆ ಹಾಕಿದ ತಕ್ಷಣ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಬೇಕು. ಮಗ್ಗುಲು ಬದಲಿಸಿ ಕೆಂಡದ ಮೇಲೋ ಉರಿಯ ಮೇಲೋ ಹಿಡಿದಾಗ ಒಳಗಿನ ಹಬೆಯಿಂದ ರೊಟ್ಟಿ ಉಬ್ಬಬೇಕು. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ರುಚಿಯೂ ಕಹಿಯಾಗುತ್ತದೆ. ಅದಕ್ಕೇ ಒಳ್ಳೆಯ ಖಾನಾವಳಿಯವರು ಜೋಳ ತಂದಿಟ್ಟುಕೊಂಡು ಬೇಕಾದಷ್ಟನ್ನೇ ಗಿರಣಿಗೆ ಹಾಕಿಸುತ್ತಾರೆ.

ಕಾಲುವೆಯ ನೀರು, ಬದಲಾದ ಹೊಲ

ಈ ರೊಟ್ಟಿಯ ತವರಿನಲ್ಲೇ ಜೋಳದ ಹೊಲ ಕರಗಿದ್ದು ಒಂದು ದೊಡ್ಡ ಕತೆ. ಮದರಾಸು ಪ್ರಾಂತ್ಯ ಮತ್ತು ಹೈದರಾಬಾದ್ ಸಂಸ್ಥಾನ ಸೇರಿ 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವು. 1953ರಲ್ಲಿ ನೀರು ಹರಿಯಿತು. ರಾಯಚೂರು ಸೀಮೆ ಆಗ ಸೇರಿದ್ದ ಹೈದರಾಬಾದ್ ಕಡೆಗೆ ಬಂದದ್ದು ಎಡದಂಡೆ ಕಾಲುವೆ, ಉದ್ದ 227 ಕಿಲೋಮೀಟರ್. ಬರದ ಸೀಮೆಗೆ ನೀರನ್ನು ತೆಳುವಾಗಿ, ಆದಷ್ಟು ಹೆಚ್ಚು ಹೊಲಗಳಿಗೆ ಹಂಚಬೇಕೆಂಬುದು ಯೋಜಕರ ಲೆಕ್ಕವಾಗಿತ್ತು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದನ್ನೂ ಗೊತ್ತುಮಾಡಿ, ಬಹುಪಾಲು ಜಮೀನನ್ನು ಜೋಳ, ಶೇಂಗಾ, ಹತ್ತಿಯಂಥ ಅರೆನೀರಾವರಿ ಬೆಳೆಗಳಿಗೆ ಬಿಟ್ಟಿದ್ದರು. ಭತ್ತಕ್ಕೆ ಕೊಟ್ಟದ್ದು ಸಣ್ಣ ಪಾಲು.

ನೆಲದ ಮೇಲೆ ಆದದ್ದು ಬೇರೆ. ಕೃಷ್ಣಾ, ಗೋದಾವರಿ ಮುಖಜ ಪ್ರದೇಶಗಳಿಂದ ಭತ್ತ ಬೆಳೆದು ಪಳಗಿದ ಆಂಧ್ರದ ರೈತರು ಬಂದು ಜಮೀನು ಕೊಂಡರು, ಕ್ಯಾಂಪುಗಳನ್ನು ಕಟ್ಟಿಕೊಂಡರು. ಸ್ಥಳೀಯ ರೈತರೂ ಅವರನ್ನು ನೋಡಿ ಗದ್ದೆ ಮಾಡಿದರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಷ್ಟೂ ಕೊನೆಭಾಗದ ಹೊಲಗಳಿಗೆ ನೀರು ಕಡಿಮೆಯಾಯಿತು. ಆ ರೈತರ ಹೋರಾಟ ಇವತ್ತಿಗೂ ನಿಂತಿಲ್ಲ. ಸಿಂಧನೂರು ಭತ್ತದ ಕಣಜವೆಂದು ಹೆಸರಾಯಿತು, ಸೋನಾಮಸೂರಿ ಅಕ್ಕಿ ಇಲ್ಲಿಂದ ದೂರದೂರಿಗೆ ಹೊರಟಿತು. ಮುಕ್ಕುಂದದ ಕಡೆಯ ಹೊಳೆದಂಡೆಯ ಊರುಗಳಲ್ಲೂ ಭತ್ತವೇ ಮುಖ್ಯ ಬೆಳೆಯಾಯಿತು. ಜೋಳದ ತೆನೆಯ ಜೊತೆ ಕಣಿಕೆಯೂ ಹೋಯಿತು, ಕಣಿಕೆ ತಿನ್ನುವ ಎತ್ತುಗಳೂ ಕಡಿಮೆಯಾದವು. ಅದೇ ತಾಲ್ಲೂಕಿನ ಮನೆಗಳು ರೊಟ್ಟಿಗೆ ಬೇಕಾದ ಜೋಳವನ್ನು ಸಂತೆಯಲ್ಲಿ ಕೊಳ್ಳುವಂತಾಯಿತು. ಮಸ್ಕಿ, ಲಿಂಗಸುಗೂರು ಕಡೆಯ, ಮಳೆಯನ್ನೇ ನಂಬಿದ ಎರೆಹೊಲಗಳು ಮಾತ್ರ ಜೋಳವನ್ನು ಉಳಿಸಿಕೊಂಡು ಬಂದವು.

ನೀರು ಬಂದದ್ದರಿಂದ ಬಡತನ ಇಳಿದ ಮನೆಗಳು ಸಾವಿರಾರು; ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಂದೇ ಬೆಳೆಯ ಮೇಲೆ ನಿಂತ ಸೀಮೆ ಎಷ್ಟು ಅಳ್ಳಕವಾದದ್ದು ಎಂಬುದನ್ನು 2024ರ ಆಗಸ್ಟ್ 10ರ ರಾತ್ರಿ ತೋರಿಸಿಕೊಟ್ಟಿತು. ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಅದರ ಕೆಳಗಿನ ಅಷ್ಟೂ ಜಿಲ್ಲೆಗಳ ಗದ್ದೆಯವರು ನಿದ್ದೆಗೆಟ್ಟು ಕೂತರು.

ಸಿಂಧನೂರಿನ ಬೀದಿಯಲ್ಲಿ ಮೂರು ನಾಡಿನ ಜನ

ವಲಸೆ ಎಂದರೆ ಹೊರಗೆ ಹೋಗುವುದಷ್ಟೇ ಅಲ್ಲ ಎಂಬುದು ಸಿಂಧನೂರಿನಲ್ಲಿ ಕಣ್ಣಿಗೆ ಕಾಣುತ್ತದೆ. ಕಾಲುವೆಯ ಹಿಂದೆ ತೆಲುಗಿನ ಕುಟುಂಬಗಳು ಬಂದವು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇದೇ ತಾಲ್ಲೂಕಿನಲ್ಲಿ ನೆಲೆ ಕೊಟ್ಟಿತು. ಅವರ ಊರುಗಳನ್ನು ಇಂದಿಗೂ ಆರ್.ಎಚ್. (ಪುನರ್ವಸತಿ) ಕ್ಯಾಂಪ್ ಎನ್ನುತ್ತಾರೆ. ಭತ್ತದ ವ್ಯಾಪಾರ, ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಅಂಗಡಿಗಳಿಂದ ಬೆಳೆದ ಈ ಪಟ್ಟಣದಲ್ಲಿ ಪಪ್ಪು, ಗೋಂಗೂರ, ಆವಕಾಯಿ ಬಡಿಸುವ ಆಂಧ್ರ ಮೆಸ್ಸೂ ಇದೆ, ಜೋಳದ ರೊಟ್ಟಿಯ ಖಾನಾವಳಿಯೂ ಇದೆ. ಬೆಳಿಗ್ಗೆ ವಗ್ಗರಣಿ ಮಿರ್ಚಿಯ ಬಂಡಿಗಳ ಮುಂದೆ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಆಂಧ್ರದವರ ಗೋಂಗೂರ ಪಪ್ಪಿಗೂ ನಮ್ಮ ಪುಂಡಿಪಲ್ಲೆಗೂ ಬೇಕಾದದ್ದು ಒಂದೇ ಗಿಡದ ಎಲೆ. ಹೊರಗಿನಿಂದ ಬಂದವರಿಗೆ ಊಟದ ಮೇಜಿನಲ್ಲಿ ಜಾಗ ಕೊಟ್ಟ ಊರಿನ ಮಕ್ಕಳು ಬೇರೆ ಊರಿಗೆ ಹೋದಾಗ ತಮ್ಮ ಊಟಕ್ಕೊಂದು ಜಾಗ ಬಯಸುವುದು ನ್ಯಾಯವೇ.

ಆ ಜಾಗವನ್ನು ಮೊದಲು ಮಾಡಿಕೊಟ್ಟದ್ದು ಬಸ್ಸು. ಧಾರವಾಡ, ರಾಯಚೂರು, ಕಲಬುರಗಿಯ ಕೋಣೆಗಳಲ್ಲಿ ಓದುತ್ತಿದ್ದ ಮಕ್ಕಳಿಗೆ ತಾಯಂದಿರು ಬೆಳಗಿನ ಬಸ್ಸಿಗೆ ಬುತ್ತಿ ಕಳಿಸುತ್ತಿದ್ದರು. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಪಲ್ಲೆಯ ಡಬ್ಬಿ, ಮೇಲೆ ಬರೆದ ಹೆಸರು. ನಿಲ್ದಾಣದಲ್ಲಿ ಮಕ್ಕಳು ಕಾದು ನಿಂತು ಇಳಿಸಿಕೊಳ್ಳುತ್ತಿದ್ದರು. ಒಂದು ಊರಿನ ಬುತ್ತಿಯಲ್ಲಿ ನಾಲ್ಕು ಜನ ಉಂಡು ಪದವೀಧರರಾದದ್ದು ನಮ್ಮ ಭಾಗದಲ್ಲಿ ಹೊಸ ಸಂಗತಿಯಲ್ಲ. ದೂರ ಹೆಚ್ಚಾದಾಗ ಬುತ್ತಿಯ ಕೆಲಸವನ್ನು ಖಾನಾವಳಿ ವಹಿಸಿಕೊಂಡಿತು. ತಿಂಗಳ ಲೆಕ್ಕದಲ್ಲಿ ಊಟ, ಕೈಯಲ್ಲಿ ಹಣವಿಲ್ಲದ ವಾರಕ್ಕೆ ವಹಿಯಲ್ಲಿ ಬರೆದುಕೊಳ್ಳುವ ಉದ್ದರಿ, ಹಬ್ಬಕ್ಕೆ ಊರಿಗೆ ಹೋಗಲಾಗದವರಿಗೆ ಹೋಳಿಗೆ, ಕಡಬು. ರಾಜಧಾನಿಯ ದೊಡ್ಡ ಹೋಟೆಲುಗಳೂ ಈ ಊಟದ ಬೆಲೆ ಅರಿತವು. ಗಾಂಧಿನಗರದ ಕಾಮತ್ ಯಾತ್ರಿನಿವಾಸ, ಬಸವನಗುಡಿಯ ಕಾಮತ್ ಬ್ಯೂಗಲ್ ರಾಕ್ ಜೋಳದ ರೊಟ್ಟಿ ಊಟವನ್ನು ದಕ್ಷಿಣದವರ ನಾಲಿಗೆಗೂ ರೂಢಿ ಮಾಡಿಸಿದವು. ಮಾಂಸದೂಟ ಬೇಕೆಂದವರಿಗೆ ಹುಬ್ಬಳ್ಳಿ, ಗದಗ ಕಡೆಯ ಸಾವಜಿ ಹೋಟೆಲುಗಳ ಖಾರದ ರುಚಿಯೂ ಇದೇ ದಾರಿಯಲ್ಲಿ ನಗರಕ್ಕೆ ಇಳಿಯಿತು.

ದೂರದ ವೆನೆಜುವೆಲಾ, ಹತ್ತಿರದ ಪಾಠ

ಊರು ಬಿಟ್ಟವರು ತಮ್ಮ ರೊಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಹೋದ ಇನ್ನೊಂದು ಉದಾಹರಣೆ ದಕ್ಷಿಣ ಅಮೆರಿಕದ್ದು. ಆರ್ಥಿಕತೆ ಕುಸಿದು, ಆಹಾರ ಮತ್ತು ಔಷಧಿಗೆ ಕೊರತೆ ಬಿದ್ದು, ಕಳೆದ ಒಂದು ದಶಕದಲ್ಲಿ ವೆನೆಜುವೆಲಾ ದೇಶ ಬಿಟ್ಟವರ ಸಂಖ್ಯೆ ವಿಶ್ವಸಂಸ್ಥೆಯ ಲೆಕ್ಕದಲ್ಲಿ 75 ಲಕ್ಷಕ್ಕೂ ಹೆಚ್ಚು. ಹೆಚ್ಚಿನವರು ನೆರೆಯ ಕೊಲಂಬಿಯಾದಲ್ಲಿ ಮತ್ತು ಪೆರು ದೇಶದಲ್ಲಿದ್ದಾರೆ. ಸ್ಪೇನ್, ಅಮೆರಿಕಕ್ಕೂ ಹೋಗಿದ್ದಾರೆ. ಬೊಗೋಟಾ, ಲಿಮಾ, ಮ್ಯಾಡ್ರಿಡ್, ಮಯಾಮಿ ನಗರಗಳ ಗದ್ದಲದ ಬೀದಿಗಳಲ್ಲಿ ಅವರ ಸಣ್ಣ ಹೋಟೆಲುಗಳು ತಲೆಯೆತ್ತಿವೆ. ಅಲ್ಲಿ ಮಾರಾಟವಾಗುವುದು ‘ಅರೆಪಾ’, ಅಂದರೆ ಗೋವಿನಜೋಳದ ದಪ್ಪ ರೊಟ್ಟಿ. ಅದನ್ನು ಬೇಯಿಸುವ ‘ಬುದಾರೆ’ ನಮ್ಮ ಹಂಚೇ. ಬೆಂದ ಅರೆಪಾವನ್ನು ನಡುವೆ ಸೀಳಿ ಕಪ್ಪು ಬೀನ್ಸ್ ಕಾಳು, ಚೀಸ್, ಎಳೆಎಳೆಯಾಗಿ ಬಿಡಿಸಿದ ಮಾಂಸ ತುಂಬುತ್ತಾರೆ. ಕೋಳಿಮಾಂಸ ಮತ್ತು ಬೆಣ್ಣೆಹಣ್ಣು ತುಂಬಿದ ‘ರೇನಾ ಪೆಪಿಯಾದಾ’ ಎಂಬ ಬಗೆಗೆ ಆ ಹೆಸರು ಬಂದದ್ದು 1955ರಲ್ಲಿ ವಿಶ್ವಸುಂದರಿಯಾದ ವೆನೆಜುವೆಲಾದ ಸುಸಾನಾ ದೂಯಿಮ್ ಅವರ ಗೌರವಕ್ಕೆ.

ಗೋವಿನಜೋಳದಲ್ಲೂ ಗ್ಲುಟೆನ್ ಇಲ್ಲ. ಅಲ್ಲಿನ ಹೆಂಗಸರೂ ಒಂದು ಕಾಲಕ್ಕೆ ನಸುಕಿನಲ್ಲೆದ್ದು ಕಾಳನ್ನು ಒರಳಲ್ಲಿ ಕುಟ್ಟಿ, ಸಿಪ್ಪೆ ತೆಗೆದು, ಬೇಯಿಸಿ, ಅರೆದು ಹಿಟ್ಟು ಮಾಡಬೇಕಾಗಿತ್ತು. 1960ರಲ್ಲಿ ಅಲ್ಲಿನ ಪೋಲಾರ್ ಕಂಪನಿ ‘ಪಾನ್’ ಎಂಬ ಹೆಸರಿನಲ್ಲಿ ಮೊದಲೇ ಬೇಯಿಸಿ ಒಣಗಿಸಿದ ಹಿಟ್ಟನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಉಳಿದ ಕೆಲಸ ನೀರು, ಉಪ್ಪು ಹಾಕಿ ಕಲಸುವುದಷ್ಟೇ. ಮುಂದೆ ದೇಶವೇ ಚದುರಿದಾಗ, ಯಾವ ಊರಿನಲ್ಲಿ ಆ ಪೊಟ್ಟಣ ಸಿಕ್ಕಿತೋ ಆ ಊರಿನಲ್ಲೆಲ್ಲ ಯಾರು ಬೇಕಾದರೂ ಅರೆಪಾ ಹೋಟೆಲು ತೆರೆಯಬಹುದಿತ್ತು, ತೆರೆದರೂ ಕೂಡ.

ಜೋಳದ ರೊಟ್ಟಿಗೆ ಅಂಥ ಪೊಟ್ಟಣ ಸಿಗಲಿಲ್ಲ. ಇಲ್ಲಿ ಹಿಟ್ಟು ತಾಜಾ ಇರಬೇಕು, ಎಸರು ಹದವಾಗಿರಬೇಕು, ಎಲ್ಲಕ್ಕಿಂತ ಮೊದಲು ಬಡಿಯುವ ಕೈ ಇರಬೇಕು. ಅರೆಪಾ ಲೋಕ ಸುತ್ತಿದ್ದು ಹಿಟ್ಟಿನ ಬಲದಿಂದ. ನಮ್ಮ ರೊಟ್ಟಿ ಬೆಂಗಳೂರು, ಪುಣೆ, ಹೈದರಾಬಾದು ಮುಟ್ಟಿದ್ದು ಹೆಣ್ಣುಮಕ್ಕಳ ಕೈಬಲದಿಂದ. ರೊಟ್ಟಿ ಬಡಿಯುವವರು ಸಿಗದ ಊರಿನಲ್ಲಿ ಖಾನಾವಳಿಯ ಫಲಕ ಏರುವುದಿಲ್ಲ, ಏರಿದರೂ ಬಾಳುವುದಿಲ್ಲ. ಖಾನಾವಳಿ ನಡೆಸುವ ಯಾರನ್ನು ಕೇಳಿದರೂ ಅವರ ಮೊದಲ ಚಿಂತೆ ಇದೇ.

ಹಂಚಿನ ಮುಂದಿನ ಜೀವ

ಈ ಕೈಗಳು ಎಲ್ಲಿಂದ ಬಂದವು? ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಗುವಿನ ಕೈಗೆ ಹಿಟ್ಟು ಬರುವುದು ಬಾಲ್ಯದಲ್ಲೇ. ನಾಗರಪಂಚಮಿಯ ಮುಂಚಿನ ರೊಟ್ಟಿ ಪಂಚಮಿಗೆ ಬಗೆಬಗೆಯ ರೊಟ್ಟಿ, ಪಲ್ಲೆ ಮಾಡಿ ಓಣಿಯವರೆಲ್ಲ ಕೊಟ್ಟು ತೆಗೆದುಕೊಳ್ಳುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವಾಗ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಇರಲೇಬೇಕು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿಗಳು ಟ್ರ್ಯಾಕ್ಟರುಗಳಲ್ಲಿ ಬರುತ್ತವೆ. ಊರಿನ ಹೆಂಗಸರು ಕೂಡಿ ಕುಳಿತು ದಿನಗಟ್ಟಲೆ ಬಡಿದ ಖಡಕ್ ರೊಟ್ಟಿ ಅದು. ಹೀಗೆ ಮನೆಗೆ, ಹಬ್ಬಕ್ಕೆ, ಮಠಕ್ಕೆ ದುಡಿದು ಪಳಗಿದ ಕೌಶಲವೇ ಬರ ಬಿದ್ದು ಗುಳೆ ಹೋದಾಗ, ಗಂಡ ತೀರಿಕೊಂಡಾಗ, ಮಕ್ಕಳ ಫೀಸು ಕಟ್ಟಬೇಕಾದಾಗ ಅವರಿಗೆ ಅನ್ನವಾಯಿತು. ಶಾಲೆ ಕಾಣದವರಿಗೂ ನಗರದಲ್ಲಿ ಅದೇ ದಿನ ಕೆಲಸ ಕೊಡಬಲ್ಲ ವಿದ್ಯೆ ಇದು.

ಆದರೆ ಆ ಕೆಲಸದ ಕಷ್ಟ ಉಣ್ಣುವವರ ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ, ಮತ್ತೆ ಸಂಜೆಯಿಂದ ರಾತ್ರಿ ಊಟ ಮುಗಿಯುವವರೆಗೆ ಉರಿಯ ಮುಂದೆ ಇರಬೇಕು. ಕೈ ಕುದಿಬಿಸಿ ಹಿಟ್ಟಿನಲ್ಲಿ, ಮುಖ ಹಬೆಯಲ್ಲಿ, ಭುಜ ಮತ್ತು ಮಣಿಕಟ್ಟಿನ ಮೇಲೆ ಬಿಡುವಿಲ್ಲದ ಭಾರ. ಗಾಳಿಯಾಡದ ಸಣ್ಣ ಅಡುಗೆಮನೆಯಲ್ಲಿ ಬೇಸಿಗೆ ಹೇಗಿರುತ್ತದೆ ಎಂಬುದನ್ನು ಅಲ್ಲಿ ನಿಂತವರೇ ಬಲ್ಲರು. ಎಷ್ಟೋ ಕಡೆ ಕೂಲಿ ರೊಟ್ಟಿಯ ಲೆಕ್ಕದ ಮೇಲೆ. ಮೈ ಹುಷಾರಿಲ್ಲದ ದಿನ ಲೆಕ್ಕ ಶೂನ್ಯ. ರಜೆ, ವಿಮೆ, ಭವಿಷ್ಯನಿಧಿಯ ಮಾತು ಬಹುತೇಕ ಇಲ್ಲ. ತಾಟಿನ ಬೆಲೆ ಹೆಚ್ಚಿಸಿದರೆ ಗಿರಾಕಿ ಹೋಗುತ್ತಾರೆಂಬ ಭಯ ಮಾಲೀಕರದು. ಗಿರಾಕಿಯೂ ಉಳ್ಳವರಲ್ಲ, ಮಾಲೀಕರೂ ಹೆಚ್ಚಿನ ಕಡೆ ಸಣ್ಣ ಬಂಡವಾಳದವರೇ. ಕಡೆಗೆ ಭಾರವೆಲ್ಲ ಬಂದು ಬೀಳುವುದು ಹಂಚಿನ ಮುಂದೆ ನಿಂತವಳ ಮೇಲೆ.

ರೊಟ್ಟಿ ಯಂತ್ರಗಳು ಬಂದಿವೆ. ಖಡಕ್ ರೊಟ್ಟಿಗೆ ಅವು ಚೆನ್ನಾಗಿ ಹೊಂದುತ್ತವೆ. ಒಣಗಿದ ರೊಟ್ಟಿ ಬಹಳ ದಿನ ಇರುವುದರಿಂದ ಪೊಟ್ಟಣವಾಗಿ ದೂರ ಹೋಗಬಲ್ಲದು. ಕಲಬುರಗಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರನ್ನು ಕೂಡಿಸಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿರುವುದು ಒಳ್ಳೆಯ ಹೆಜ್ಜೆ. ಅಲ್ಲಿ ಮಹಿಳೆ ಕೂಲಿಯವಳಾಗಿ ಉಳಿಯದೆ ವ್ಯಾಪಾರದ ಪಾಲುದಾರಳಾಗುತ್ತಾಳೆ. ಮೆತ್ತಗಿನ ಬಿಸಿರೊಟ್ಟಿಯ ಮಾತು ಬೇರೆ. ಅದು ಹಂಚಿನಿಂದ ತಾಟಿಗೆ ಬರುವಷ್ಟರಲ್ಲಿ ಉಣ್ಣಬೇಕಾದದ್ದು. ಅದಕ್ಕೆ ಇಂದಿಗೂ ಕೈಯೇ ಬೇಕು. ಯಂತ್ರ ನಾದುವ ಭಾರವನ್ನು ಇಳಿಸಲಿ, ಹೊಗೆ ಎಳೆಯುವ ಚಿಮಣಿ ಪ್ರತಿ ಖಾನಾವಳಿಗೂ ಬರಲಿ. ಕೈಯ ಬೆಲೆ ಮಾತ್ರ ಕಡಿಮೆಯಾಗಬಾರದು.

ಹೊಲದಿಂದ ತಾಟಿನವರೆಗೆ

ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಮೇಳಗಳು ನಡೆದವು, ತಾರಾ ಹೋಟೆಲುಗಳ ಪಟ್ಟಿಯಲ್ಲಿ ಜೋಳ ಬಂತು. ಆದರೆ ಈ ಧಾನ್ಯವನ್ನು ಯಾವ ವರ್ಷಾಚರಣೆಯ ಹಂಗೂ ಇಲ್ಲದೆ ದಿನಕ್ಕೆರಡು ಹೊತ್ತು ಬಡಿಸುತ್ತಾ ಬಂದದ್ದು ಖಾನಾವಳಿ. ಜೋಳಕ್ಕೆ ನಗರದಲ್ಲಿ ನಿಂತ ಮಾರುಕಟ್ಟೆ ಇದ್ದರೆ ಅದು ಇದೇ. ಕೇಂದ್ರ ಸರ್ಕಾರ 2024–25ರ ಸಾಲಿಗೆ ಮಾಲ್ದಂಡಿ ತಳಿಯ ಜೋಳಕ್ಕೆ ಕ್ವಿಂಟಲಿಗೆ 3,421 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,300 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಕಾಗದದ ಮೇಲೆ ಜೋಳವೇ ಮೇಲು. ಆದರೆ ಒಣಬೇಸಾಯದ ಎಕರೆಯಲ್ಲಿ ಸಿಗುವ ಜೋಳದ ಇಳುವರಿ ಗದ್ದೆಯ ಭತ್ತಕ್ಕಿಂತ ಎಷ್ಟೋ ಪಾಲು ಕಡಿಮೆ, ಹಕ್ಕಿ ಕಾಯುವ ಕೆಲಸ ಬೇರೆ, ಕೊಯ್ಲಿಗೆ ಆಳು ಸಿಗುವುದೂ ಕಷ್ಟ. ಖರೀದಿ ಕೇಂದ್ರ ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ರೈತ ಅಡತಿ ಅಂಗಡಿಗೇ ಹೋಗುತ್ತಾನೆ.

ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಎರಡನೇ ಬೆಳೆಗೆ ನೀರು ಸಾಲದ ವರ್ಷಗಳಲ್ಲಿ ಹೊಲ ಪಾಳು ಬಿಡುವ ಬದಲು ಹಿಂಗಾರಿ ಜೋಳ, ಕಡಲೆ ಬಿತ್ತುವ ದಾರಿ ಇದೆ. ಅಚ್ಚುಕಟ್ಟಿನ ಮೂಲ ಲೆಕ್ಕದಲ್ಲೇ ಇಂಥ ಬೆಳೆಗಳಿಗೆ ದೊಡ್ಡ ಪಾಲು ಇತ್ತು. ಆ ಜೋಳವನ್ನು ಖಾನಾವಳಿಗಳಿಗೆ, ವಿದ್ಯಾರ್ಥಿ ವಸತಿ ನಿಲಯಗಳಿಗೆ, ಪಡಿತರ ಅಂಗಡಿಗಳಿಗೆ ನೇರವಾಗಿ ಮುಟ್ಟಿಸುವ ವ್ಯವಸ್ಥೆ ಆದರೆ ಕಾಲುವೆಯ ಕೊನೆಭಾಗದ ರೈತನಿಗೂ ನಗರದ ಓದುವ ಹುಡುಗನಿಗೂ ಒಟ್ಟಿಗೆ ಒಳ್ಳೆಯದಾಗುತ್ತದೆ. ರೊಟ್ಟಿ ಬಡಿಯುವ ಮಹಿಳೆಯರನ್ನು ಅಸಂಘಟಿತ ಕಾರ್ಮಿಕರ ಯೋಜನೆಗಳಿಗೆ ಹೆಸರಿಟ್ಟು ಸೇರಿಸುವ ಕೆಲಸವನ್ನು ಕಾರ್ಮಿಕ ಇಲಾಖೆ ಕೈಗೆತ್ತಿಕೊಳ್ಳಬೇಕು. ಖಾನಾವಳಿ ನಡೆಸುವವರು ರೊಟ್ಟಿ ಲೆಕ್ಕದ ಕೂಲಿಯ ಜೊತೆಗೆ ತಿಂಗಳ ಖಾತ್ರಿ ಸಂಬಳವನ್ನೂ ವಾರದ ರಜೆಯನ್ನೂ ಕೊಡಲು ಮುಂದಾಗಬೇಕು.

ಉಣ್ಣುವ ನಮ್ಮ ಪಾಲೂ ಇದೆ. ಪಿಜ್ಜಾದ ಬೆಲೆಯನ್ನು ಮರುಮಾತಿಲ್ಲದೆ ಕೊಡುವ ನಾವು ರೊಟ್ಟಿಗೆ ಎರಡು ರೂಪಾಯಿ ಏರಿದಾಗ ಗೊಣಗುತ್ತೇವೆ, ಅದನ್ನು ಬಿಡೋಣ. ಓದಿ ನೌಕರಿ ಹಿಡಿದವರು ತಮ್ಮನ್ನು ಉದ್ದರಿಯಲ್ಲಿ ಉಣಿಸಿದ ಖಾನಾವಳಿಗೆ ಮನೆಮಂದಿಯ ಜೊತೆ ಮತ್ತೆ ಹೋಗಲಿ. ಮುಂದಿನ ಸಲ ಉಂಡು ಎದ್ದಾಗ ಅಡುಗೆಮನೆಯ ಬಾಗಿಲವರೆಗೆ ಹೋಗಿ, ರೊಟ್ಟಿ ಬಡಿದ ಅವ್ವನಿಗೋ ಅಕ್ಕನಿಗೋ ‘ಊಟ ಭಾಳ ಚಲೋ ಇತ್ರಿ’ ಎಂದು ಹೇಳಿ ಬನ್ನಿ. ಆಮೇಲೆ, ಅವರಿಗೆ ವಾರಕ್ಕೊಂದು ರಜೆ ಇದೆಯೇ ಎಂದು ಮಾಲೀಕರನ್ನು ಕೇಳಿ.